ಹನ್ನೊಂದನೆಯ ಗುಂಡು

ಎಣಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಎರಡು ಬಂಡವಾಳ ಬೇಕು: ತಪ್ಪದ ಎಣಿಕೆ ಒಂದು, ಆ ಎಣಿಕೆಯನ್ನು ನಂಬುವ ಜನ ಇನ್ನೊಂದು. ಮೊದಲನೆಯದು ಕೈಯಲ್ಲೇ ಇದ್ದು ಎರಡನೆಯದು ಕೈಬಿಟ್ಟರೆ ಮನುಷ್ಯ ಯಾವ ಗತಿಗೆ ಬರುತ್ತಾನೆ ಎಂಬುದನ್ನು ಶೀನ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಕಾರ್ಕಳದಲ್ಲಿ ಕಂಡುಂಡಿದ್ದ. ಈಗ ಅವನಿಗೆ ಐವತ್ತೆಂಟು. ಕಾಪು ಪೇಟೆಯಲ್ಲಿ ಅವನದೇ ಆದ ತೆಂಗಿನಕಾಯಿ ಮಂಡಿ ಇದೆ. ಮಟ್ಟುವಿನ ಕಡೆಯ ಯಾವ ತೋಟದ ಕಾಯಿಯಾದರೂ ಸರಿ, ಶೀನ ಎಣಿಸಿದನೆಂದರೆ ಮಾರುವವನೂ ಕೊಳ್ಳುವವನೂ ಮತ್ತೆ ಎಣಿಸುವುದಿಲ್ಲ. ಆದರೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಇಳಿದರೆ ಇಂದಿಗೂ ಯಾರಾದರೊಬ್ಬರು, "ಓಹೋ, ಲೈಟರ್ ಶೀನ! ಅಪರೂಪ ಮಾರಾಯ" ಎಂದು ಕೂಗುತ್ತಾರೆ. ಕೂಗುವವರು ನಗುತ್ತಲೇ ಕೂಗುತ್ತಾರೆ. ಶೀನ ನಗುವುದಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಅವನ ತಂಗಿಯ ಮಗಳು ಯಶ್ಮಿತಾ ಫೋನು ಮಾಡಿದಳು. ಮಣಿಪಾಲದ ಒಂದು ಕಾಲೇಜಿನ ಇಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹೊರಗಿನ ರಿಪೇರಿಯನ್ನೂ ಆಸೆಯಿಂದ ಮಾಡುವವಳು.

"ಮಾವ, ನೀವು ಹಿಂದೆ ಹೇಳ್ತಿದ್ದಿರಲ್ಲ, ಹಡಗಿನ ಆಟ ಅಂತ? ಏಡಿಗಳು ಸಾಲಾಗಿ ಇಳಿದು ಬರುವುದು, ಮೇಲೆ ಕೆಂಪು ಹಡಗು ಹೋಗುವುದು?"

"ಹೌದು. ಅದಕ್ಕೆ ಈಗ ಎಂತ?"

"ಅದು ನನ್ನ ಎದುರಿಗೆ ಉಂಟು. ಹಿಂದಿನ ಬಾಗಿಲು ತೆಗೆದು ಕೂತಿದ್ದೇನೆ."

ಶೀನ ಮಂಡಿಗೆ ಬೀಗ ಹಾಕಿ ಉಡುಪಿಯ ಬಸ್ಸು ಹತ್ತಿದ. ಮದುವೆಗೂ ಮರಣಕ್ಕೂ ಅಲ್ಲದೆ ಹಾಡಹಗಲು ಅವನು ಬೀಗ ಹಾಕಿದ್ದು ಅದೇ ಮೊದಲು.

ಮಣಿಪಾಲದಲ್ಲಿ ಎಂಡ್ ಪಾಯಿಂಟ್ ಉದ್ಯಾನಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಡೀನ್ ಅಲ್ಮೇಡಾ ಎಂಬ ತರುಣನ ಕಾಫಿ ಅಂಗಡಿ. ಗೋಡೆಗೆ ಒರಗಿ ಆರು ಹಳೆಯ ಆಟದ ಯಂತ್ರಗಳು ನಿಂತಿದ್ದವು. ಒಂದೊಂದೂ ಗೋದ್ರೇಜ್ ಕಪಾಟಿನಷ್ಟು ಎತ್ತರ. ವಿದ್ಯಾರ್ಥಿಗಳು ಅವುಗಳ ಮುಂದೆ ಗುಂಪುಗೂಡಿ ಕಿರುಚುತ್ತಿದ್ದರು. ಶೀನನಿಗೆ ಇದೇ ಮೊದಲ ಸೋಜಿಗ. ಅವರ ಪ್ರತಿಯೊಬ್ಬರ ಜೇಬಿನಲ್ಲೂ ಇದರ ಸಾವಿರ ಪಟ್ಟು ಚಂದದ ಆಟಗಳಿರುವ ಫೋನು ಇರುವಾಗ ನಲವತ್ತು ವರ್ಷದ ಈ ಡಬ್ಬಿಗಳ ಮುಂದೆ ನಿಲ್ಲುವುದೇಕೆ? ಅವನು ಡೀನನನ್ನು ಹಾಗೆಯೇ ಕೇಳಿಬಿಟ್ಟ.

"ಫೋನಿನಲ್ಲಿ ಸೋತರೆ ಯಾರಿಗೂ ಗೊತ್ತಾಗುವುದಿಲ್ಲ ಅಂಕಲ್," ಎಂದ ಡೀನ್. "ಇದರಲ್ಲಿ ಸೋತರೆ ಹಿಂದೆ ನಿಂತ ನಾಲ್ಕು ಜನ ನೋಡ್ತಾರೆ. ಮತ್ತೆ ಇದರಲ್ಲಿ ಎಂತ ಕಲಿಯಬೇಕೋ ಅದು ಒಂದು ನಿಮಿಷದಲ್ಲಿ ಗೊತ್ತಾಗ್ತದೆ. ಆಮೇಲೆ ಹತ್ತು ವರ್ಷ ಆಡಿದರೂ ಮುಗಿಯುವುದಿಲ್ಲ."

ಮೂಲೆಯ ಯಂತ್ರದ ಹಿಂದೆ ಯಶ್ಮಿತಾ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಶೀನ ಮುಂಭಾಗಕ್ಕೆ ಬಂದು ಗುಂಡಿಯ ಪಕ್ಕದ ಹಲಗೆಯನ್ನು ಬೆರಳಿನಿಂದ ಸವರಿದ. ಯಾರದೋ ಸಿಗರೇಟು ಸುಟ್ಟ ಉದ್ದನೆಯ ಕಪ್ಪು ಗುರುತು ಅಲ್ಲಿತ್ತು. ಅಂಥದೇ ಯಂತ್ರವಲ್ಲ, ಅದೇ ಯಂತ್ರ.

"ಇದು ನಿಮಗೆ ಎಲ್ಲಿ ಸಿಕ್ಕಿದ್ದು?"

"ನಮ್ಮ ಬಾಪ್ಪುವಿನದ್ದು. ಅಪ್ಪನ ತಮ್ಮ, ಮ್ಯಾಥ್ಯೂ ಅಂತ. ಕಲ್ಯಾಣಪುರದ ಮನೆಯ ಉಗ್ರಾಣದಲ್ಲಿ ಗೋಣಿ ಹೊದ್ದುಕೊಂಡು ಬಿದ್ದಿತ್ತು. ಭಾನುವಾರ ಅವರು ನೋಡ್ಲಿಕ್ಕೆ ಬರ್ತಾರೆ. ಅದು ಕಳೆದರೆ ಒಳಗಿದ್ದದ್ದನ್ನೆಲ್ಲ ತೆಗೆದು ಹೊಸ ಬೋರ್ಡು ಹಾಕಿಸುವುದು. ಒಂದರಲ್ಲೇ ಸಾವಿರ ಆಟ. ಈ ಹಳೆಯದು ಯಾವಾಗ ಕೈಕೊಡ್ತದೋ ಹೇಳ್ಲಿಕ್ಕೆ ಆಗುವುದಿಲ್ಲ."

ಶೀನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಂಗಳವಾರದಿಂದ ಭಾನುವಾರಕ್ಕೆ ಐದು ದಿನ. ಮೂವತ್ತೆಂಟು ವರ್ಷ ಉತ್ತರವಿಲ್ಲದೆ ಕೂತ ಒಂದು ಪ್ರಶ್ನೆಗೆ ಐದು ದಿನ.

ಆ ಪ್ರಶ್ನೆ ಹುಟ್ಟಿದ್ದು ಹೀಗೆ. ಮಸ್ಕತ್ತಿನಿಂದ ಮರಳಿದ ಮ್ಯಾಥ್ಯೂ ಅಲ್ಮೇಡಾ ಇಪ್ಪತ್ತಾರರ ಹರೆಯದಲ್ಲಿ ಕಾರ್ಕಳ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾಲ್ಕು ಯಂತ್ರಗಳ ವೀಡಿಯೊ ಗೇಮ್ ಅಂಗಡಿ ತೆರೆದಿದ್ದ. ಶೀನ ಆಗ ಅಲ್ಲಿಯೇ ಒಂದು ಮಂಡಿಯಲ್ಲಿ ತಂದೆಯ ಜಾಗದಲ್ಲಿ ಕಾಯಿ ಎಣಿಸುತ್ತಿದ್ದ; ಸಂಜೆ ಐದಕ್ಕೆ ಕೆಲಸ ಬಿಟ್ಟರೆ ಹಡಗಿನ ಆಟದ ಮುಂದೆ ಹಾಜರು. ಏಡಿಗಳು ಇಳಿಯುತ್ತವೆ, ಆಡುವವನು ಕೆಳಗಿನ ಫಿರಂಗಿಯಿಂದ ಅವುಗಳನ್ನು ಹೊಡೆಯುತ್ತಾನೆ. ಆಗೊಮ್ಮೆ ಈಗೊಮ್ಮೆ ಪರದೆಯ ತುತ್ತತುದಿಯಲ್ಲಿ ಕೆಂಪು ಹಡಗು ಹಾದುಹೋಗುತ್ತದೆ. ಅದಕ್ಕೆ ಗುಂಡು ತಗುಲಿದರೆ ಒಮ್ಮೆ ಐವತ್ತು ಅಂಕ, ಒಮ್ಮೆ ನೂರು, ಒಮ್ಮೆ ನೂರೈವತ್ತು, ಅಪರೂಪಕ್ಕೆ ಐನೂರು. ಜನ ಅದನ್ನು ಅದೃಷ್ಟ ಎಂದರು. ಆದರೆ ಹಗಲೆಲ್ಲ ಕಾಯಿ ಎಣಿಸಿದ ನಾಲಿಗೆ ಸಂಜೆಯೂ ಸುಮ್ಮನಿರದೆ ಗುಂಡುಗಳನ್ನು ಎಣಿಸುತ್ತಿತ್ತು. ಎರಡು ತಿಂಗಳಲ್ಲಿ ಶೀನನಿಗೆ ಕ್ರಮ ದೊರಕಿತು. ಆಟದ ಆರಂಭದಲ್ಲಿ ಹತ್ತು. ಅಲ್ಲಿಂದ ಮುಂದೆ ಹದಿನಾರು, ಮತ್ತೆ ಹದಿನಾರು. ಆ ಅಂಕೆಯ ಗುಂಡನ್ನು ಕಾಯ್ದಿಟ್ಟು ಹಡಗಿಗೆ ಹೊಡೆದರೆ ಐನೂರೇ.

ಐದು ಸಾವಿರ ಅಂಕಕ್ಕೊಂದು ಹೆಚ್ಚಿನ ಫಿರಂಗಿ. ಹೀಗಾಗಿ ಶೀನನ ಒಂದು ನಾಣ್ಯ ಒಂದೂವರೆ ಗಂಟೆ ಬಾಳತೊಡಗಿತು; ಹಿಂದೆ ಸಾಲುಗಟ್ಟಿ ನಿಂತವರು ಗೊಣಗತೊಡಗಿದರು. ಆ ಕಾಲದಲ್ಲಿ ಒಂದು ಕಳ್ಳವಿದ್ಯೆ ಪ್ರಚಾರದಲ್ಲಿತ್ತು: ಗ್ಯಾಸ್ ಲೈಟರನ್ನು ನಾಣ್ಯದ ಬಾಯಿಗೆ ಹಿಡಿದು ಟಕ್ಕೆನ್ನಿಸಿದರೆ ಆ ಕಿಡಿಗೆ ಯಂತ್ರ ಮೋಸಹೋಗಿ ನಾಣ್ಯವಿಲ್ಲದೆಯೂ ಆಟ ಕೊಡುತ್ತದೆ. ಒಂದು ಸಂಜೆ ಮ್ಯಾಥ್ಯೂ ಎಲ್ಲರ ಮುಂದೆ ಶೀನನ ಭುಜ ಹಿಡಿದು, "ಜೇಬಿನಲ್ಲಿ ಎಂತ ಉಂಟು, ತೆಗಿ" ಎಂದ.

ಜೇಬಿನಲ್ಲಿ ಲೈಟರು ಇತ್ತು. ಮಂಡಿಯ ಧಣಿಗಳ ಮನೆಗೆ ಹೊಸದಾಗಿ ಗ್ಯಾಸು ಬಂದಿತ್ತು; ಬರುವಾಗ ಒಂದು ಲೈಟರು ಹಿಡಿದುಕೊಂಡು ಬಾ ಎಂದು ಧಣಿಗಳೇ ಹೇಳಿದ್ದರು.

"ನಾನು ಎಣಿಸಿ ಗೆಲ್ಲುವುದು. ತೋರಿಸ್ತೇನೆ," ಎಂದ ಶೀನ.

"ತೋರಿಸು. ಆದರೆ ಬಾಯಿಬಿಟ್ಟು ಎಣಿಸಬೇಕು," ಎಂದರು ಗುಂಪಿನಲ್ಲಿದ್ದ ಕಾರ್ಲ್ ಮಾಸ್ಟರು. "ಒಂದರಿಂದ ಶುರು ಮಾಡು. ಎಲ್ಲರಿಗೂ ಕೇಳುವ ಹಾಗೆ. ನಾನೂ ಜೊತೆಗೆ ಎಣಿಸ್ತೇನೆ."

ಒಂದು, ಎರಡು, ಮೂರು. ಹತ್ತನೆಯ ಗುಂಡನ್ನು ಹಿಡಿದಿಟ್ಟು ಹಡಗಿಗೆ ಹೊಡೆದ. ಐವತ್ತು. ಮತ್ತೆ ಒಂದರಿಂದ ಹದಿನಾರು: ನೂರು. ಇನ್ನೊಮ್ಮೆ ಹದಿನಾರು: ಐವತ್ತು. ಓಣಿ ತುಂಬ ನಗು. ಮೂರು ದಿನದಲ್ಲಿ ಪೇಟೆಯೆಲ್ಲ ಅವನು ಲೈಟರ್ ಶೀನನಾದ. ಯಾರ ಮನೆಗೆ ಲೈಟರು ತಂದಿದ್ದನೋ ಆ ಧಣಿಗಳೇ ಅವನನ್ನು ಕರೆದು, "ನೀನು ಕದ್ದಿರಲಿಕ್ಕಿಲ್ಲ ಮಾರಾಯ. ಆದರೆ ನೀನು ಎಣಿಸಿದ್ದನ್ನು ನಾಳೆ ಯಾರು ಒಪ್ಪುತ್ತಾರೆ, ಹೇಳು?" ಎಂದರು. ಶೀನ ಕೆಲಸ ಬಿಟ್ಟು ಕಾಪುವಿಗೆ ಬಂದ.

ಅವಮಾನ ಒಂದು ತೂಕವಾದರೆ ಅದಕ್ಕಿಂತ ಹೆಚ್ಚು ತೂಕದ್ದು ಆ ಪ್ರಶ್ನೆ. ನೂರಾರು ಸಲ ತಪ್ಪದ ಎಣಿಕೆ ಆ ಒಂದು ಸಂಜೆ, ಒಂದಲ್ಲ, ಮೂರು ಸಲ ಹೇಗೆ ತಪ್ಪಿತು? ಯಂತ್ರ ಕೆಟ್ಟಿತ್ತೆ? ಮ್ಯಾಥ್ಯೂ ಒಳಗೇನಾದರೂ ಬದಲಿಸಿದ್ದನೆ? ಅಥವಾ ತಾನು ಗೆದ್ದದ್ದೆಲ್ಲ ನಿಜಕ್ಕೂ ಅದೃಷ್ಟವೆ? ಮೂರನೆಯ ಶಂಕೆ ಬಂದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಯಶ್ಮಿತಾ ಯಂತ್ರವನ್ನು ಬದುಕಿಸಿದಳು. ಕೆಟ್ಟ ಎರಡು ಭಾಗಗಳನ್ನು ಬದಲಿಸಿ, ಮೆಮೊರಿ ಚಿಪ್‌ನಲ್ಲಿದ್ದ ಪ್ರೋಗ್ರಾಮಿನ ಬರಹವನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎರಡು ಸಂಜೆ ಓದಿದ್ದಳು. ಶುಕ್ರವಾರ ಮಾವನನ್ನು ಕರೆಸಿ ಕಾಫಿ ಮೇಜಿನ ಮೇಲೆ ಒಂದು ಕಾಗದ ಹರಡಿದಳು.

"ಮಾವ, ಇದು ಅದೃಷ್ಟ ಅಲ್ಲ. ನೀವು ಹೇಳಿದ್ದು ಸರಿ."

ಶೀನ ಕಾಗದದ ಮೇಲೆ ಬಾಗಿದ. "ಮುಂದೆ ಹೇಳು."

"ಒಳಗೆ ಬಹುಮಾನದ ಒಂದು ಪಟ್ಟಿ ಉಂಟು. ನೀವು ಒಂದೊಂದು ಗುಂಡು ಹಾರಿಸಿದಾಗಲೂ ಯಂತ್ರ ಆ ಪಟ್ಟಿಯಲ್ಲಿ ಒಂದೊಂದು ಮನೆ ಮುಂದೆ ಹೋಗ್ತದೆ. ಹಡಗಿಗೆ ಗುಂಡು ತಗುಲಿದಾಗ ಯಾವ ಮನೆಯಲ್ಲಿ ನಿಂತಿದೆಯೋ ಅದೇ ಬಹುಮಾನ. ಐನೂರು ಇರುವುದು ಹನ್ನೊಂದನೆಯ ಮನೆಯಲ್ಲಿ ಮಾತ್ರ. ಹದಿನೇಳು ಮನೆ ಮುಗಿದರೆ ಮತ್ತೆ ಮೊದಲಿಗೆ. ಹಾಗಾಗಿ ಮೊದಲು ಹನ್ನೊಂದು, ಆಮೇಲೆ ಹದಿನೇಳು, ಹದಿನೇಳು."

"ಹತ್ತು. ಆಮೇಲೆ ಹದಿನಾರು."

"ಅಲ್ಲ ಮಾವ. ಹನ್ನೊಂದು. ಇಲ್ಲಿ ಬರೆದದ್ದೇ ಉಂಟು."

"ಬರೆದವನಿಗೆ ತಪ್ಪಿರಬಹುದು. ನಾನು ಎಣಿಸಿದವನು."

"ಯಂತ್ರಕ್ಕೆ ಯಾರು ಬರೆದರೋ ಅವರು ಹೇಳಿದ ಹಾಗೆಯೇ ಅದು ನಡೆಯುವುದು! ಅದು ನಿಮ್ಮ ಮಾತು ಕೇಳುವುದಿಲ್ಲ."

ಇಬ್ಬರ ಧ್ವನಿಯೂ ಏರಿತು. ಪಕ್ಕದ ಮೇಜಿನ ಹುಡುಗಿಯರು ತಿರುಗಿ ನೋಡಿದರು. ಕೊನೆಗೆ ಯಶ್ಮಿತಾ, "ಜಗಳ ಎಂತಕ್ಕೆ? ಆಡಿ. ನಾನು ನೋಡ್ತೇನೆ," ಎಂದಳು.

ಶೀನ ಯಂತ್ರದ ಮುಂದೆ ನಿಂತ. ಬೆರಳುಗಳಿಗೆ ಜಾಗ ನೆನಪಿತ್ತು. ಆಟ ಶುರುವಾಯಿತು, ತುಟಿಗಳು ಸದ್ದಿಲ್ಲದೆ ಅಲುಗಾಡತೊಡಗಿದವು. ಯಶ್ಮಿತಾ ಪರದೆಯನ್ನು ನೋಡದೆ ಮಾವನ ತುಟಿಗಳನ್ನೇ ನೋಡುತ್ತ, ಒಂದೊಂದು ಗುಂಡಿಗೂ ಕಾಗದದ ಮೇಲೆ ಒಂದೊಂದು ಗೆರೆ ಎಳೆದಳು. ಒಂದು ಹಂತದಲ್ಲಿ ಶೀನ ಕೈ ತಡೆದ. ಏಡಿಗಳು ಎರಡು ಮೆಟ್ಟಿಲು ಇಳಿದವು, ಅವನು ಹೊಡೆಯಲಿಲ್ಲ. ಹಡಗು ಬಂತು. ಹೊಡೆದ. ಪರದೆಯ ಮೇಲೆ ಐನೂರು ಮಿನುಗಿತು.

"ಹತ್ತು!" ಎಂದು ಶೀನ ತಿರುಗಿದ. ಹಿಂದೆ ಏಡಿಗಳು ಅವನ ಫಿರಂಗಿಯನ್ನು ತಿಂದುಹಾಕಿದವು. ಅವನು ಅದನ್ನು ಗಮನಿಸಲಿಲ್ಲ.

ಯಶ್ಮಿತಾ ಕಾಗದ ಎತ್ತಿ ಹಿಡಿದಳು. ಹನ್ನೊಂದು ಗೆರೆಗಳು.

"ಮಾವ, ಮೊದಲನೆಯ ಗುಂಡಿಗೆ ನೀವು ಎಂತ ಹೇಳಿದ್ದು?"

"ಎಂತ ಹೇಳಿದ್ದು ಅಂದರೆ?"

"ನಿಮ್ಮ ತುಟಿ 'ಒಂದು' ಅನ್ನಲಿಲ್ಲ. ಬೇರೆ ಎಂತದೋ ಹೇಳಿತು. ಎರಡನೆಯ ಗುಂಡಿಗೆ 'ಒಂದು' ಅಂದಿರಿ."

ಶೀನನಿಗೆ ತಕ್ಷಣ ಹೊಳೆಯಲಿಲ್ಲ. ಉಸಿರಾಡುವಾಗ ಮೂಗು ಏನು ಮಾಡುತ್ತದೆ ಎಂದು ಕೇಳಿದ ಹಾಗಾಯಿತು ಅವನಿಗೆ. ಅವನು ಮೇಜಿನ ಮೇಲಿದ್ದ ಸಕ್ಕರೆಯ ಪೊಟ್ಟಣಗಳನ್ನು ಎಳೆದುಕೊಂಡು, ಕಾಯಿ ಎಣಿಸುವ ಹಾಗೆಯೇ ಒಂದೊಂದನ್ನು ಬದಿಗೆ ಹಾಕುತ್ತ ತುಸು ಗಟ್ಟಿಯಾಗಿ ಎಣಿಸಿದ.

"ಲಾಭ. ಒಂದು. ಎರಡು. ಮೂರು."

ಕೈ ಅಲ್ಲಿಯೇ ನಿಂತಿತು.

ಎಣಿಕೆಯ ಮೊದಲಿಗೆ ಒಂದು ಎನ್ನದೆ ಲಾಭ ಎನ್ನುವುದು ಎಷ್ಟೋ ಕಡೆ ಇರುವ ಪದ್ಧತಿ. ಹೆಚ್ಚಿನ ಕಡೆ ಲಾಭವೇ ಒಂದು. ಅದರ ಬಳಿಕ ಎರಡು ಬರುತ್ತದೆ. ಆದರೆ ಶೀನನ ತಂದೆ ಎಣಿಸುತ್ತಿದ್ದ ಮಂಡಿಯ ಕ್ರಮ ಬೇರೆ. ಅಲ್ಲಿ ಪ್ರತಿ ರಾಶಿಯ ಮೊದಲ ಕಾಯಿ ಕೊಳ್ಳುವವನಿಗೆ ಬಿಟ್ಟ ಹೆಚ್ಚಿನ ಕಾಯಿ. ಅದನ್ನು ಲಾಭ ಎಂದು ಹೇಳಿ ಬದಿಗಿಟ್ಟು, ಅನಂತರವೇ ಒಂದು ಎಂದು ಆರಂಭಿಸಬೇಕು. ಲಾಭ ರಾಶಿಯಲ್ಲಿ ಉಂಟು, ಲೆಕ್ಕದಲ್ಲಿ ಇಲ್ಲ. ಆರು ವರ್ಷದವನಿದ್ದಾಗ ಕಲಿತದ್ದು. ಶೀನನ ಪಾಲಿಗೆ ಅದು ಅಂಕೆಯೇ ಆಗಿರಲಿಲ್ಲ, ಎಣಿಸುವ ಮೊದಲು ಗಂಟಲು ಸರಿಪಡಿಸಿಕೊಂಡ ಹಾಗೆ. ಆಟದಲ್ಲಿಯೂ ಅಷ್ಟೇ: ಒಂದು ಹಡಗು ಬಿತ್ತೆಂದರೆ ಒಂದು ರಾಶಿ ಮುಗಿಯಿತು, ಮುಂದಿನ ಗುಂಡು ಹೊಸ ರಾಶಿಯ ಲಾಭ. ಅವನ ಹತ್ತು ಎಂದರೆ ಹನ್ನೊಂದು. ಅವನ ಹದಿನಾರು ಎಂದರೆ ಹದಿನೇಳು.

"ಕಾರ್ಲ್ ಮಾಸ್ಟರು ಒಂದರಿಂದ ಶುರು ಮಾಡು ಅಂದರು," ಎಂದ ಶೀನ. "ಗಟ್ಟಿಯಾಗಿ ಎಣಿಸಿದ್ದರಿಂದ ಲಾಭ ಹೇಳಲಿಲ್ಲ. ಅಂಗಡಿಯಲ್ಲಿ ನಿಂತು ಕಾಯಿಯ ಮಾತು ಎಂತಕ್ಕೆ ಅಂತ ನಾಚಿಕೆಯಾಗಿರಬೇಕು."

"ಮೂರು ಸಲವೂ ಒಂದೊಂದು ಗುಂಡು ಕಡಿಮೆ ಹಾರಿಸಿದಿರಿ."

"ಮೂರು ಸಲವೂ."

ಯಶ್ಮಿತಾಳ ಕಣ್ಣು ಹೊಳೆಯಿತು. "ಇನ್ನೊಂದು ತಮಾಷೆ ಹೇಳ್ತೇನೆ ಕೇಳಿ. ಪಟ್ಟಿಯಲ್ಲಿ ಇರುವುದು ಹದಿನೇಳು ಅಲ್ಲ, ಹದಿನೆಂಟು ಮನೆ. ಯಂತ್ರ ಸೊನ್ನೆಯಿಂದ ಎಣಿಸ್ತದೆ. ಬರೆದವನು ಅದನ್ನು ಮರೆತು ಒಂದು ಮನೆ ಮೊದಲೇ ಹಿಂದಕ್ಕೆ ತಿರುಗಿಸಿಬಿಟ್ಟಿದ್ದಾನೆ. ಹದಿನೆಂಟನೆಯದಕ್ಕೆ ಯಂತ್ರ ಹೋಗುವುದೇ ಇಲ್ಲ. ಅಲ್ಲಿ ಎಂತ ಉಂಟು ಗೊತ್ತಾ? ಸಾವಿರ."

"ಸಾವಿರವಾ?"

"ಸಾವಿರ. ಇಷ್ಟು ವರ್ಷದಲ್ಲಿ ಒಬ್ಬನಿಗೂ ಸಿಕ್ಕಿರಲಿಕ್ಕಿಲ್ಲ. ಸಿಗುವುದೂ ಇಲ್ಲ."

ಶೀನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಕೊನೆಯ ಮನೆಯನ್ನು ಬಹಳ ಹೊತ್ತು ನೋಡಿದ. "ಇದನ್ನು ಬರೆದವನೂ ಯಾವುದೋ ಮಂಡಿಯಲ್ಲಿ ಕಲಿತವನೇ ಇರಬೇಕು," ಎಂದ. ಆ ವಾರದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಕಾರಣ ತಿಳಿಯಿತು. ಆದರೆ ಕಾರಣವನ್ನು ತಾನು ತಿಳಿದರೆ ಸಾಲದು. ತಪ್ಪು ಹೊರಿಸಿದವನೂ ತಿಳಿಯಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶೀನ ಒಗೆದ ಅಂಗಿ ತೊಟ್ಟು ಡೀನನ ಅಂಗಡಿಯಲ್ಲಿ ಇದ್ದ.

ಚರ್ಚಿನ ಪೂಜೆ ಮುಗಿಸಿ ಮ್ಯಾಥ್ಯೂ ಅಲ್ಮೇಡಾ ಬಂದಾಗ ಹನ್ನೊಂದಾಗಿತ್ತು. ಅರುವತ್ತನಾಲ್ಕು ವರ್ಷ, ಕೈಯಲ್ಲಿ ಊರುಗೋಲು. ಬಾಗಿಲಲ್ಲೇ ನಿಂತು ಯಂತ್ರವನ್ನು ನೋಡಿದ; ಅದರ ಪಕ್ಕದಲ್ಲಿ ನಿಂತವನನ್ನು ನೋಡಿದ.

"ಶೀನ ಅಲ್ವಾ? ಕೂದಲು ಹೋಗಿದೆ. ನಿಲ್ಲುವ ಕ್ರಮ ಹೋಗಲಿಲ್ಲ."

"ಹೌದು ಪೊರ್ಬುಗಳೇ." ಕಾರ್ಕಳದ ತುಳುವರು ಕ್ರೈಸ್ತ ಹಿರಿಯರನ್ನು ಕರೆಯುವ ಆ ಮಾತು ತಾನಾಗಿಯೇ ಬಾಯಿಗೆ ಬಂತು.

"ಎಂತ, ಆಡ್ಲಿಕ್ಕೆ ಬಂದದ್ದಾ?"

"ಎಣಿಸ್ಲಿಕ್ಕೆ ಬಂದದ್ದು. ಎಣಿಸುವುದು ನಾನಲ್ಲ, ನೀವು. ನಾನು ಹೊಡೆಯುತ್ತೇನೆ. ಗುಂಡು ಒಂದೊಂದಕ್ಕೂ ನೀವು ಗಟ್ಟಿಯಾಗಿ ಹೇಳಿ. ಒಂದರಿಂದ. ಹನ್ನೊಂದನೆಯದು ಹಡಗಿಗೆ ತಗುಲಿದರೆ ಐನೂರು. ಅದು ತಪ್ಪಿದರೆ ಇಪ್ಪತ್ತೆಂಟು. ಆಮೇಲೆ ನಲವತ್ತೈದು."

ಮ್ಯಾಥ್ಯೂ ಊರುಗೋಲನ್ನು ಡೀನನ ಕೈಗೆ ಕೊಟ್ಟ. ವಿದ್ಯಾರ್ಥಿಗಳು ತಮ್ಮ ಆಟ ಬಿಟ್ಟು ಹಿಂದೆ ಬಂದು ನಿಂತರು. ಆಟ ಶುರುವಾಯಿತು.

"ಒಂದು," ಎಂದ ಮ್ಯಾಥ್ಯೂ. "ಎರಡು."

ಹತ್ತಾದ ಮೇಲೆ ಶೀನ ಕೈ ತಡೆದ. ಈ ಆಟದಲ್ಲಿ ಹೊಡೆಯುವುದು ಯಾರಿಗಾದರೂ ಬರುತ್ತದೆ; ಏಡಿಗಳು ತಲೆಯ ಮೇಲೆ ಬರುತ್ತಿರುವಾಗ ಹೊಡೆಯದೆ ಇರುವುದೇ ಕಷ್ಟ. ಹಡಗು ಬಂತು. ಹೊಡೆದ. ಗುಂಡು ಹಡಗಿನ ಬಾಲದ ಹಿಂದೆ ಹಾದು ಆಕಾಶಕ್ಕೆ ಹೋಯಿತು.

"ಅಯ್ಯೋ!" ಎಂದು ಒಬ್ಬ ಹುಡುಗ ಕೂಗಿದ. "ಅಂಕಲ್, ಲೇಟಾಯಿತು!"

"ಸುಮ್ಮನಿರು ನೀನು," ಎಂದಳು ಯಶ್ಮಿತಾ.

"ಹನ್ನೊಂದು," ಎಂದ ಮ್ಯಾಥ್ಯೂ ನಿಧಾನವಾಗಿ. ಅವನ ಧ್ವನಿಯಲ್ಲಿ ಗೆಲುವು ಇರಲಿಲ್ಲ ಎಂಬುದನ್ನು ಶೀನ ಗಮನಿಸಿದ. ಕಣ್ಣಿಗೆ ವಯಸ್ಸಾಗಿತ್ತು, ಬೆರಳಿಗೂ. ಅವನು ಅಂಗೈಯ ಬೆವರನ್ನು ಪಂಚೆಗೆ ಒರಸಿಕೊಂಡು ಮತ್ತೆ ಹೊಡೆಯತೊಡಗಿದ. ಹನ್ನೆರಡು. ಹದಿಮೂರು. ಒಂದು ಫಿರಂಗಿ ಹೋಯಿತು. ಇಪ್ಪತ್ತೇಳಕ್ಕೆ ನಿಲ್ಲಿಸಿದ. ಏಡಿಗಳು ಫಿರಂಗಿಯ ಮೂತಿಯ ಹತ್ತಿರಕ್ಕೆ ಬಂದವು. ಈ ಸಲ ಹಡಗು ಅರ್ಧ ಪರದೆ ದಾಟುವ ಮೊದಲೇ, ಅದರ ಮೂತಿಯ ಮುಂದಿನ ಖಾಲಿ ಜಾಗಕ್ಕೆ ಹೊಡೆದ.

ಐನೂರು.

"ಇಪ್ಪತ್ತೆಂಟು," ಎಂದ ಮ್ಯಾಥ್ಯೂ, ಕೂಡಲೇ ಮುಂದುವರಿದ. ನಲವತ್ತೈದಕ್ಕೆ ಐನೂರು. ಅರುವತ್ತೆರಡಕ್ಕೆ ಐನೂರು. ಆ ಹೊತ್ತಿಗೆ ಹುಡುಗರೂ ಹುಡುಗಿಯರೂ ಕೂಡಿ ಎಣಿಸುತ್ತಿದ್ದರು. ಡೀನ್ ಕಾಫಿಯ ಯಂತ್ರವನ್ನು ಬಿಟ್ಟು ಓಡಿ ಬಂದಿದ್ದ. ಮುಂದಿನ ಲೆಕ್ಕ ಎಪ್ಪತ್ತೊಂಬತ್ತು ಎಂದು ಯಾರೋ ಮೊದಲೇ ಹೇಳಿದರು. ಶೀನ ಗುಂಡಿಯಿಂದ ಕೈ ತೆಗೆದ. ಸಾಬೀತಾದದ್ದನ್ನು ಮತ್ತೆ ಸಾಬೀತು ಮಾಡುವುದು ಅವನ ಕ್ರಮವಲ್ಲ. ಆ ದಿನ ಎಣಿಕೆಯಲ್ಲಿ ಒಂದೊಂದು ಗುಂಡು ಹೇಗೆ ಕಡಿಮೆಯಾಯಿತು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದ.

ಮ್ಯಾಥ್ಯೂ ಕುರ್ಚಿಯೊಂದನ್ನು ಎಳೆದು ಕುಳಿತ.

"ನೀನು ಕದಿಯಲಿಲ್ಲ ಅಂತ ನನಗೆ ಗೊತ್ತಿತ್ತು ಶೀನ."

"ಈಗ ಗೊತ್ತಾಯಿತು."

"ಈಗ ಅಲ್ಲ. ಆ ದಿನವೇ." ಮ್ಯಾಥ್ಯೂ ಯಂತ್ರದ ಹೊಟ್ಟೆಯ ಕಡೆಗೆ ಬೆರಳು ತೋರಿಸಿದ. "ಅದರೊಳಗೆ ಒಂದು ಸಣ್ಣ ಮೀಟರ್ ಉಂಟು. ಯಂತ್ರ ಎಷ್ಟು ಆಟ ಕೊಟ್ಟಿತು ಅಂತ ತೋರಿಸುವುದು. ಲೈಟರ್ ಹಾಕಿದ್ದರೆ ಮೀಟರ್ ಮುಂದೆ ಹೋಗಬೇಕು, ಪೆಟ್ಟಿಗೆಯಲ್ಲಿ ನಾಣ್ಯ ಕಡಿಮೆ ಬೀಳಬೇಕು. ಅಂಗಡಿ ಮುಚ್ಚಿದ ಮೇಲೆ ನೋಡಿದೆ. ಎರಡೂ ಸಮ ಇತ್ತು."

ಶೀನನಿಗೆ ಮೊದಲು ಬಂದದ್ದು ಸಿಟ್ಟಲ್ಲ. ಹಾಗೊಂದು ಮೀಟರು ಅಲ್ಲಿರುವುದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂಬ ಆಶ್ಚರ್ಯ. ತಾನು ಹೊರಗೆ ಎಣಿಸುತ್ತಿದ್ದ ಹೊತ್ತಿನಲ್ಲಿ ಒಳಗೊಂದು ಎಣಿಕೆ ನಡೆಯುತ್ತಿತ್ತು, ಮತ್ತು ಅದು ತನ್ನ ಪರವಾಗಿತ್ತು. ಸಿಟ್ಟು ಅದರ ಹಿಂದೆ ಬಂತು, ತಡವಾಗಿ, ಗಟ್ಟಿಯಾಗಿ.

"ಹೇಳಲಿಲ್ಲ ನೀವು?"

"ಕಳ್ಳತನ ಅಲ್ಲ ಅಂತ ಗೊತ್ತಿತ್ತು. ಮತ್ತೆ ಎಂತ ಅಂತ ಗೊತ್ತಿರಲಿಲ್ಲ. ನಾಳೆ ಹೇಳುವಾ ಅಂದುಕೊಂಡೆ. ನಾಳೆ ನೀನು ಬರಲಿಲ್ಲ. ನಾಡಿದ್ದು ಹೇಳಿದರೆ ಇಷ್ಟು ದಿನ ಎಂತ ಮಾಡ್ತಿದ್ದಿ ಅಂತ ಜನ ಕೇಳ್ತಾರೆ ಅನ್ನಿಸಿತು. ಹಾಗೆ ದಿನ ಹೋದ ಹಾಗೆ ಹೇಳುವುದು ಕಷ್ಟ ಆಯಿತು." ಅವನು ತಲೆ ಎತ್ತಿದ. "ಈಗ ಹೇಳ್ತಿದ್ದೇನೆ. ಇವರೆಲ್ಲರ ಎದುರು. ತಪ್ಪು ನನ್ನದು."

"ಇವರಿಗೆ ನನ್ನ ಹೆಸರೇ ಗೊತ್ತಿಲ್ಲ ಪೊರ್ಬುಗಳೇ," ಎಂದ ಶೀನ. "ಎಲ್ಲಿ ಹೇಳಿದ್ದಿರೋ ಅಲ್ಲಿ ಹೇಳಿ."

ಊಟ ಮುಗಿಸಿ ಡೀನನ ಕಾರಿನಲ್ಲಿ ಹಿರಿಯಡ್ಕ, ಬೈಲೂರು ದಾಟಿ ಮೂವರೂ ಕಾರ್ಕಳಕ್ಕೆ ಹೊರಟರು. ದಾರಿಯಲ್ಲಿ ಮಾತಾಡಿದ್ದು ಡೀನ್ ಒಬ್ಬನೇ. ಹೊಸ ಬೋರ್ಡು ಬೇಡವೆಂದು ಫೋನು ಮಾಡಿಯಾಯಿತು ಎಂದ. ಹಳೆಯ ಓಣಿಯಲ್ಲಿ ಈಗ ಮೊಬೈಲ್ ಅಂಗಡಿಗಳಿದ್ದವು. ಆದರೆ ಮೂಲೆಯ ಹೋಟೆಲು ಹಾಗೆಯೇ ಇತ್ತು. ಗಲ್ಲಾದಲ್ಲಿ ವಿಠಲ, ಹಿಂದೆ ಆ ಜಾಗದಲ್ಲಿ ಕೂರುತ್ತಿದ್ದವನ ಮಗ, ಐವತ್ತರ ಆಸುಪಾಸು.

"ಓಹೋ, ಲೈಟರ್ ಶೀನಣ್ಣ! ಎಂತ, ದಾರಿ ತಪ್ಪಿ ಬಂದದ್ದಾ?"

ಮ್ಯಾಥ್ಯೂ ಮುಂದೆ ಬಂದು ಗಲ್ಲಾದ ಮೇಜಿನ ಮೇಲೆ ಕೈಯೂರಿದ. ಚಾ ಕುಡಿಯುತ್ತಿದ್ದ ಎಂಟು ಹತ್ತು ಜನಕ್ಕೂ ಕೇಳುವ ಹಾಗೆ ಹೇಳಿದ. "ಇವನು ನನ್ನ ಯಂತ್ರಕ್ಕೆ ಲೈಟರ್ ಹಾಕಿ ಆಡಿದ ಅಂತ ನಾನು ಹೇಳಿದ್ದು ಸುಳ್ಳು. ಅದು ಸುಳ್ಳು ಅಂತ ನನಗೆ ಅವತ್ತೇ ಗೊತ್ತಿತ್ತು."

ವಿಠಲ ಒಬ್ಬರಿಂದ ಇನ್ನೊಬ್ಬರ ಮುಖ ನೋಡಿದ.

"ಯಾವ ಯಂತ್ರ?"

"ನನ್ನ ವೀಡಿಯೊ ಗೇಮ್ ಅಂಗಡಿಯದು. ಇಲ್ಲೇ ಹಿಂದೆ ಇತ್ತಲ್ಲ?"

"ಅಂಗಡಿ ಇದ್ದದ್ದು ನೆನಪುಂಟು. ಆದರೆ ಇದು..." ವಿಠಲ ತಲೆ ಕೆರೆದುಕೊಂಡ. "ಶೀನಣ್ಣ ಮೊದಲು ಗ್ಯಾಸ್ ಲೈಟರ್ ಮಾರ್ತಿದ್ದರು, ಹಾಗಾಗಿ ಆ ಹೆಸರು ಅಂತ ನಮ್ಮ ಅಪ್ಪ ಹೇಳಿದ್ದು."

"ನಾನು ತಿಳಿದದ್ದು ಸಿಗರೇಟಿನ ಲೈಟರ್," ಎಂದ ಕಿಟಕಿಯ ಬದಿಯ ಒಬ್ಬ ಮುದುಕ. "ಗಲ್ಫಿನಿಂದ ತರಿಸಿ ಮಾರ್ತಿದ್ದ ಅಂತ. ಕೆಟ್ಟ ಹೆಸರು ಅಂತ ಯಾರಿಗೆ ಗೊತ್ತು ಮಾರಾಯ? ಪ್ರೀತಿಯಲ್ಲಿ ಕರೆದದ್ದು ನಾವು."

ಶೀನನಿಗೆ ಕಾಲಿನ ಕೆಳಗಿನ ಮೆಟ್ಟಿಲು ಒಂದು ಕಡಿಮೆಯಾದಂತಾಯಿತು. ಮೂವತ್ತೆಂಟು ವರ್ಷ ಊರಿನ ನಗುವಿನಲ್ಲಿ ಅವನು ಕೇಳಿಸಿಕೊಂಡ ಆರೋಪ ಆ ನಗುವಿನಲ್ಲಿ ಇರಲೇ ಇಲ್ಲ. ಅದನ್ನು ನೆನಪಿಟ್ಟವರು ಇಬ್ಬರೇ, ಹೊರಿಸಿದವನು, ಹೊತ್ತವನು. ಈಗ ಆ ಕಳಂಕವನ್ನು ತೊಳೆಯಬೇಕಾದರೆ ಮೊದಲು ಅದನ್ನು ಊರಿಗೆ ತೋರಿಸಬೇಕಿತ್ತು.

ಮ್ಯಾಥ್ಯೂ ಅವನ ಕಡೆ ತಿರುಗಿದ. "ಎಂತ ಮಾಡುವಾ? ಗೊತ್ತಿಲ್ಲದವರಿಗೆ ಹೇಳಬೇಕಾ?"

"ಮೊದಲಿನಿಂದ ಹೇಳಿ," ಎಂದ ಶೀನ.

ಮ್ಯಾಥ್ಯೂ ಮೊದಲಿನಿಂದ ಹೇಳಿದ. ಲೈಟರು ಸಿಕ್ಕಿದ್ದನ್ನೂ ಓಣಿ ನಕ್ಕದ್ದನ್ನೂ ತಾನು ಮೀಟರು ನೋಡಿ ಸುಮ್ಮನಿದ್ದದ್ದನ್ನೂ, ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದ. ಅವನ ತಪ್ಪಿನ ಭಾಗ ಬಂದಾಗ ಜನ ತಲೆದೂಗಿದರು. ಒಬ್ಬಿಬ್ಬರು "ಛೆ" ಎಂದರು. ಆದರೆ ಕೆಂಪು ಹಡಗಿನ ಭಾಗ ಬಂದು, ಬರೆದವನು ಮರೆತ ಹದಿನೆಂಟನೆಯ ಮನೆಯ ಮಾತನ್ನು ಶೀನನೇ ಸೇರಿಸಿದಾಗ ಎಲ್ಲರೂ ಕುರ್ಚಿ ಸಹಿತ ಹತ್ತಿರಕ್ಕೆ ಸರಿದರು.

"ಹಾಗಾದರೆ ಆ ಹದಿನೆಂಟನೆಯ ಸಾವಿರ?" ಎಂದ ಮುದುಕ. "ಯಾರಿಗೂ ಸಿಗದ್ದನ್ನು ಎಂತಕ್ಕೆ ಇಟ್ಟದ್ದು?"

"ಮರೆತು ಬಿಟ್ಟದ್ದು ಅಂತ ಹೇಳಿದರಲ್ಲ," ಎಂದ ವಿಠಲ.

"ಸಾವಿರವನ್ನು ಯಾರಾದರೂ ಮರೆಯುತ್ತಾರಾ? ಬೇಕೆಂದೇ ಇಟ್ಟದ್ದು."

"ಬೇಕೆಂದೇ ಇಟ್ಟರೆ ಅವನಿಗೆ ಎಂತ ಲಾಭ ಮಾರಾಯ್ರೇ?"

ಹೊರಗೆ, ಶೀನ ಕಾಪುವಿಗೆ ಮರಳಲು ಹಿಡಿಯಬೇಕಾದ ಪಡುಬಿದ್ರಿಯ ಬಸ್ಸು ಬಂದು ನಿಂತಿತು; ಕಂಡಕ್ಟರು ಬಾಗಿಲು ಬಡಿದು ಕೂಗಿದ. ಶೀನ ಕಿಟಕಿಯಿಂದ ಒಮ್ಮೆ ಅದರತ್ತ ನೋಡಿದ. ಬಳಿಕ ಕುರ್ಚಿಯನ್ನು ಮುದುಕನ ಕಡೆಗೆ ಎಳೆದುಕೊಂಡು, ವಿಠಲನಿಂದ ಒಂದು ಬಿಳಿಯ ಕಾಗದವನ್ನೂ ಪೆನ್ನನ್ನೂ ಕೇಳಿ ತೆಗೆದುಕೊಂಡ.

"ಕೋಪ ಮಾಡಬೇಡಿ," ಎಂದ. "ನಾನು ಬರೆದು ತೋರಿಸ್ತೇನೆ. ಆಮೇಲೆ ನೀವೇ ಹೇಳಿ, ಮರೆತದ್ದಾ, ಬೇಕೆಂದು ಇಟ್ಟದ್ದಾ ಅಂತ."

ಬಸ್ಸು ಹೋಯಿತು.